ಸರ್ ದೊರಾಬ್ಜಿ ಟಾಟಾ: ಗಿರಣಿಯಿಂದ ಮೈದಾನಕ್ಕೆ

ಬೆಂಗಳೂರಿನ ಹಳಬರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತ ಬಂದವರು. ಆ ಹೆಸರಿನೊಡನೆ ನೆನಪಾಗುವವರು ಜಮ್‌ಷೆಟ್‌ಜಿ. ಆದರೆ 1904ರಲ್ಲಿ ಅವರು ಕಾಲವಾದಾಗ ವಿಜ್ಞಾನ ಸಂಸ್ಥೆಯಾಗಲಿ, ಉಕ್ಕಿನ ಕಾರ್ಖಾನೆಯಾಗಲಿ, ಜಲವಿದ್ಯುತ್ತಾಗಲಿ ಇನ್ನೂ ಕೈಗೂಡಿರಲಿಲ್ಲ. ಅವನ್ನು ನೆಲದ ಮೇಲೆ ನಿಲ್ಲಿಸಿದವರಲ್ಲಿ ಮೊದಲಿಗರಾದ ಹಿರಿಯ ಮಗ ದೊರಾಬ್ಜಿಯವರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅವರು ಹುಟ್ಟಿದ್ದು 1859ರಲ್ಲಿ, ಮುಂಬಯಿಯಲ್ಲಿ. ಕೇಂಬ್ರಿಜ್ಜಿನಲ್ಲಿ ಎರಡು ವರ್ಷ ಓದಿದರು. ಆಟೋಟಗಳ ಒಲವು ಅಲ್ಲಿ ಬಲಿಯಿತು. 1882ರಲ್ಲಿ ಮುಂಬಯಿಯಲ್ಲಿ ಪದವಿ ಪಡೆದು, ಕೆಲಕಾಲ ಪತ್ರಿಕೆಯಲ್ಲಿ ದುಡಿದು, 1884ರಲ್ಲಿ ತಂದೆಯ ಹತ್ತಿಯ ವ್ಯಾಪಾರಕ್ಕೆ ಸೇರಿದರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಹೊರ್ಮುಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿ ಅವರ ಕೈಹಿಡಿದರು. ಹೀಗೆ ನಮ್ಮ ನಾಡಿನೊಡನೆ ಅವರಿಗೆ ಬೀಗತನವೂ ಬೆಳೆಯಿತು.

1907ರಲ್ಲಿ ಉಕ್ಕಿನ ಕಂಪೆನಿಯ ಷೇರುಗಳನ್ನು ಭಾರತೀಯರ ಮುಂದಿಟ್ಟಾಗ ಮೂರೇ ವಾರಗಳಲ್ಲಿ ಸುಮಾರು 8,000 ಮಂದಿ ಬೇಕಾದ ಬಂಡವಾಳವನ್ನು ಕೂಡಿಸಿದರು. 1912ರಲ್ಲಿ ಉಕ್ಕು ಹೊರಬಂತು. ಆದರೆ ಮಹಾಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. 1924ರಲ್ಲಿ ಕಂಪೆನಿ ಮುಳುಗುವ ಹಂತಕ್ಕೆ ಬಂದಾಗ ದೊರಾಬ್ಜಿ ತಮ್ಮ ಸ್ವಂತ ಆಸ್ತಿಯನ್ನು, ಮಡದಿಯ ಒಡವೆಗಳನ್ನು ಸಹ ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಒಂದು ಕೋಟಿ ರೂಪಾಯಿ ಸಾಲ ತಂದರು. ಅನ್ಯರ ಹಣವನ್ನು ನಂಬಿಕೆಯಿಂದ ಪಡೆದವನು ಆ ನಂಬಿಕೆಗೆ ತನ್ನ ಮನೆಯನ್ನೇ ಒತ್ತೆಯಿಡಬೇಕೆಂಬುದು ಅವರ ನಡತೆಯಿಂದ ನಾನು ಕಾಣುವ ನೀತಿ.

ಕ್ರೀಡೆಯಲ್ಲಿಯೂ ಅವರು ಇದೇ ದಾರಿ ಹಿಡಿದರು. ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿ 1919ರ ಪಂದ್ಯಗಳನ್ನು ನೋಡಿದಾಗ, ಬರಿಗಾಲಿನಲ್ಲಿ ಓಡಿದ ರೈತಮಕ್ಕಳ ವೇಗ ಅವರ ಮನಸ್ಸನ್ನು ಹಿಡಿಯಿತು. ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿಗೆ ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಹೊರಟರು. ವೆಚ್ಚದ ಹೊಣೆಗೆ ದೊರಾಬ್ಜಿ ಹೆಗಲು ಕೊಟ್ಟರು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು; ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಕುಸ್ತಿಯಲ್ಲಿ ರಣಧೀರ ಶಿಂದೆ ನಾಲ್ಕನೆಯ ಸ್ಥಾನಕ್ಕೇರಿದರು. ಪದಕ ಬರಲಿಲ್ಲ. ಆದರೆ ದಾರಿ ತೆರೆಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಘ ಸ್ಥಾಪನೆಯಾದಾಗ ಅವರೇ ಮೊದಲ ಅಧ್ಯಕ್ಷರಾದರು. ಮರುವರ್ಷ ಆ ಪದವಿ ಪಟಿಯಾಲದ ಮಹಾರಾಜರಿಗೆ ಸಂದಿತು. 1928ರ ಆಮ್‌ಸ್ಟರ್‌ಡ್ಯಾಮಿನಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದುದು ಈ ತೆರೆದ ದಾರಿಯಲ್ಲಿಯೇ.

1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮಕ್ಕಳಿಲ್ಲದ ದೊರಾಬ್ಜಿ ತಮ್ಮ ಸರ್ವಸ್ವವನ್ನೂ ಧರ್ಮದತ್ತಿಗೆ ಬರೆದುಕೊಟ್ಟು, 1932ರ ಜೂನ್ 3ರಂದು ಜರ್ಮನಿಯಲ್ಲಿ ಕಣ್ಣುಮುಚ್ಚಿದರು. ಆ ದತ್ತಿಯಿಂದ 1941ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ತೆರೆಯಿತು.

ಅಡವಿಟ್ಟ ಒಡವೆಗಳಲ್ಲಿ 245 ಕ್ಯಾರಟ್ಟಿನ ಜೂಬಿಲಿ ವಜ್ರವೂ ಇತ್ತು. ಉಕ್ಕಿನ ಕಂಪೆನಿಯನ್ನು ಕಾಯ್ದ ಆ ವಜ್ರ ದಂಪತಿಗಳ ಕಾಲಾನಂತರ ಮಾರಾಟವಾಗಿ ದತ್ತಿಯ ನಿಧಿಗೆ ಸೇರಿತು. ಸಂಪತ್ತಿಗೆ ಇದಕ್ಕಿಂತ ಗೌರವದ ಗತಿ ನನಗೆ ತೋರದು.