ಚೆಸಪೀಕಿನ ಸಿಂಪಿಗಳು

ಅಮೆರಿಕದ ಮೇರಿಲ್ಯಾಂಡ್ ರಾಜ್ಯ 1868ರಲ್ಲಿ ಒಂದು ನೌಕಾಪಡೆ ಕಟ್ಟಿತು. ಶತ್ರುಗಳ ಹಡಗು ತಡೆಯಲಿಕ್ಕಲ್ಲ, ಸಿಂಪಿ ಕಳ್ಳರನ್ನು ಹಿಡಿಯಲಿಕ್ಕೆ. ಜನ ಅದನ್ನು 'ಆಯ್‌ಸ್ಟರ್ ನೇವಿ' ಎಂದೇ ಕರೆದರು. ಚೆಸಪೀಕ್ ಕೊಲ್ಲಿಯಲ್ಲಿ ಸಿಂಪಿಗಾಗಿ ಗುಂಡು ಹಾರುತ್ತಿದ್ದ ಕಾಲ ಅದು.

(ಚೆಸಪೀಕ್ ಎಂದರೆ ಅಲ್ಲಿನ ಮೂಲನಿವಾಸಿಗಳ ನುಡಿಯಲ್ಲಿ 'ದೊಡ್ಡ ಚಿಪ್ಪುಜೀವಿಗಳ ಕೊಲ್ಲಿ' ಎಂದು ಬಹುಕಾಲ ಹೇಳಿಕೊಂಡು ಬಂದರು. ಚೆಂದದ ಅರ್ಥ. ಆದರೆ ಭಾಷಾವಿಜ್ಞಾನಿಗಳು ಇದನ್ನು ಅಷ್ಟಾಗಿ ನಂಬುವುದಿಲ್ಲ; ಕೊಲ್ಲಿಯ ಬಾಯಲ್ಲಿದ್ದ ಒಂದು ಹಳ್ಳಿಯ ಹೆಸರು ಅದಾಗಿದ್ದಿರಬಹುದು.)

ಸುಮಾರು 320 ಕಿಲೋಮೀಟರ್ ಉದ್ದದ ಈ ಕೊಲ್ಲಿಯ ಸರಾಸರಿ ಆಳ ಆರೂವರೆ ಮೀಟರ್ ಮಾತ್ರ. ಅದರ ತಳದಲ್ಲಿ ಸಿಂಪಿಗಳು ಒಂದರ ಮೇಲೊಂದು ಅಂಟಿಕೊಂಡು ದಿಬ್ಬಗಳಾಗಿದ್ದವು. ಅಂತರ್ಯುದ್ಧ ಮುಗಿದ ಮೇಲೆ ಬಾಲ್ಟಿಮೋರಿನಲ್ಲಿ ಡಬ್ಬಿಗೆ ತುಂಬಿದ ಸಿಂಪಿ ರೈಲು ಹತ್ತಿ ಒಳನಾಡಿನ ಊರುಗಳಿಗೆ ಹೋಯಿತು. ದೋಣಿಗಳು ಕಬ್ಬಿಣದ ಹಲ್ಲಿನ ಬಲೆ ಎಳೆದು ದಿಬ್ಬಗಳನ್ನೇ ಕಿತ್ತವು. 1884-85ರ ಒಂದು ಹಂಗಾಮಿನಲ್ಲಿ ಮೇರಿಲ್ಯಾಂಡಿನವರು ತೆಗೆದದ್ದು ಸುಮಾರು ಒಂದೂವರೆ ಕೋಟಿ ಬುಷೆಲ್.

ಹೋದದ್ದು ಮಾಂಸವಷ್ಟೇ ಅಲ್ಲ. ಸಿಂಪಿಯ ಮರಿ ಎರಡು ಮೂರು ವಾರ ಈಜಿ, ಆಮೇಲೆ ಗಟ್ಟಿಯಾದ ಯಾವುದಕ್ಕಾದರೂ ಅಂಟಿಕೊಳ್ಳಬೇಕು. ಹಳೆಯ ಚಿಪ್ಪಿಗಿಂತ ಒಳ್ಳೆಯ ಜಾಗ ಅದಕ್ಕಿಲ್ಲ. ಆ ಚಿಪ್ಪೆಲ್ಲ ರಸ್ತೆಗೆ, ಸುಣ್ಣದ ಗೂಡಿಗೆ ಹೋಯಿತು. ಚಿಪ್ಪುಸುಣ್ಣ ಕಂಡ ನಮ್ಮ ಕರಾವಳಿಯವರಿಗೆ ಇದು ಹೊಸದೇನಲ್ಲ.

ಕಾಡು ಸಿಂಪಿಯನ್ನು ಬಾಚುತ್ತಾ ಕೂತರೆ ಉಳಿಗಾಲವಿಲ್ಲ, ಹೊಲದಂತೆ ಬೆಳೆಯಬೇಕು ಎಂದು ಪ್ರಾಣಿಶಾಸ್ತ್ರಜ್ಞ ವಿಲಿಯಂ ಬ್ರೂಕ್ಸ್ 1891ರಲ್ಲಿ ಪುಸ್ತಕವನ್ನೇ ಬರೆದರು. ಕೊಲ್ಲಿಯ ಮೀನುಗಾರರು ಒಪ್ಪಲಿಲ್ಲ. ಎಲ್ಲರ ನೀರನ್ನು ಗುತ್ತಿಗೆ ಕೊಟ್ಟರೆ ಅದು ದುಡ್ಡಿದ್ದ ಕಂಪನಿಗಳ ಪಾಲಾಗುತ್ತದೆಂಬ ಅಂಜಿಕೆ ಅವರದು. ಅಂಜಿಕೆ ಸುಳ್ಳಲ್ಲ, ಆದರೆ ಸಿಂಪಿ ಅದಕ್ಕಾಗಿ ಕಾಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಡರ್ಮೊ, ಎಂಎಸ್‌ಎಕ್ಸ್ ಎಂಬ ಎರಡು ರೋಗಗಳು ಉಳಿದದ್ದನ್ನೂ ತಿಂದವು.

1988ರಲ್ಲಿ ರೋಜರ್ ನ್ಯೂವೆಲ್ ಎಂಬ ವಿಜ್ಞಾನಿ ಒಂದು ಲೆಕ್ಕ ಹಾಕಿದರು. 1870ಕ್ಕೆ ಮುಂಚೆ ಇದ್ದ ಸಿಂಪಿಗಳು ಇಡೀ ಕೊಲ್ಲಿಯಷ್ಟು ನೀರನ್ನು ಮೂರರಿಂದ ಆರು ದಿನದಲ್ಲಿ ಸೋಸುತ್ತಿದ್ದವು. ಆಗ ಉಳಿದಿದ್ದವಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕಿತ್ತು. ಅಂದಾಜೇ ನಿಜ, ಆದರೂ ಅಲ್ಲಿಯವರೆಗೆ ಊಟವಾಗಿದ್ದ ಜೀವಿ ಈಗ ಜರಡಿಯಾಗಿ ಕಂಡಿತು.

ಹೊಲದ ಗೊಬ್ಬರ, ಕೋಳಿ ಫಾರಂಗಳ ಹಿಕ್ಕೆ, ಊರಿನ ಚರಂಡಿ ಇವುಗಳ ಸಾರಜನಕ ಕೊಲ್ಲಿ ಸೇರಿ ಪಾಚಿ ಉಕ್ಕುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಏಡಿ, ಮೀನು ಉಸಿರುಗಟ್ಟುತ್ತವೆ. ಸಿಂಪಿ ಆ ಪಾಚಿಯನ್ನು ತಿನ್ನುತ್ತದೆ. ಸಾರಜನಕದ ಒಂದು ಪಾಲು ಅದರ ಮೈ ಸೇರುತ್ತದೆ. ಹಿಕ್ಕೆಯಾಗಿ ತಳಕ್ಕಿಳಿದದ್ದರಲ್ಲಿ ಸ್ವಲ್ಪವನ್ನು ಬ್ಯಾಕ್ಟೀರಿಯಾಗಳು ಅನಿಲವಾಗಿಸಿ ಬಿಡುತ್ತವೆ. ಚರಂಡಿಯನ್ನು ಮಾತ್ರ ಸಿಂಪಿ ನಿಲ್ಲಿಸಲಾರದು. ಸಿಂಪಿಯ ಗುಣಗಾನದಲ್ಲಿ ಈ ಮಾತು ಸುಲಭವಾಗಿ ಮರೆತುಹೋಗುತ್ತದೆ.

ಮೇರಿಲ್ಯಾಂಡ್ ಗುತ್ತಿಗೆಯ ಕಾನೂನನ್ನು ಸಡಿಲಿಸಿದ್ದು 2009ರಲ್ಲಿ, ಬ್ರೂಕ್ಸ್ ಬರೆದು ನೂರ ಹದಿನೆಂಟು ವರ್ಷಕ್ಕೆ. 2016ರಲ್ಲಿ ಚೆಸಪೀಕ್ ಬೇ ಪ್ರೋಗ್ರಾಂ, ಸಾಕಿದ ಸಿಂಪಿಯ ಮಾಂಸದಲ್ಲಿರುವ ಸಾರಜನಕ, ರಂಜಕಗಳನ್ನು ಮಾಲಿನ್ಯ ಕಡಿತದ ಲೆಕ್ಕಕ್ಕೆ ಸೇರಿಸಲು ಒಪ್ಪಿತು. ಅದಕ್ಕೊಂದು ಷರತ್ತು: ಸಿಂಪಿಯನ್ನು ನೀರಿನಿಂದ ಹೊರಗೆ ತೆಗೆದಿರಬೇಕು. ತಿಂದು ಬಿಟ್ಟ ಚಿಪ್ಪುಗಳನ್ನು ಈಗ ಹೋಟೆಲುಗಳಿಂದ ಕೂಡಿಸಿ, ತೊಳೆದು, ಮರಿಗಳನ್ನು ಅಂಟಿಸಿ ಮತ್ತೆ ಕೊಲ್ಲಿಗೆ ಇಳಿಸುತ್ತಿದ್ದಾರೆ. ಚಿಪ್ಪು ಸಾಕಾಗುತ್ತಿಲ್ಲ.