ಡಿ ಜೀವಸತ್ವದ ಪೂರಕಗಳು ಮತ್ತು ವೃದ್ಧರ ಸ್ನಾಯುಬಲ: ಇತಿಹಾಸ

ಸೂರ್ಯನ ಅತಿನೇರಳೆ ಕಿರಣಗಳ ಸ್ಪರ್ಶದಿಂದ ಚರ್ಮದಲ್ಲಿ ಜನಿಸಿ, ಯಕೃತ್ತಿನಲ್ಲಿ ಒಮ್ಮೆಯೂ ಮೂತ್ರಪಿಂಡದಲ್ಲಿ ಇನ್ನೊಮ್ಮೆಯೂ ಮಾರ್ಪಟ್ಟು, ಆಹಾರದೊಳಗಿನ ಸುಣ್ಣಾಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುವ ದ್ರವ್ಯವೇ ಡಿ ಜೀವಸತ್ವ. ಇದನ್ನು ಗುಳಿಗೆ, ಪುಡಿ ಅಥವಾ ಹನಿಗಳ ರೂಪದಲ್ಲಿ ಹೊರಗಿನಿಂದ ಒದಗಿಸುವುದಕ್ಕೆ ಪೂರಕವೆಂದು ಹೆಸರು. ಶಿಶುಗಳ ಮೂಳೆಗಾಗಿ ಮೊದಲಾದ ಈ ಚಿಕಿತ್ಸೆ ಒಂದು ಶತಮಾನದೊಳಗೆ ವೃದ್ಧರ ಸ್ನಾಯುಗಳವರೆಗೆ ವಿಸ್ತರಿಸಿತು.

ಎಳೆಯ ಮೂಳೆಗಳು ಬಾಗುವ ರಿಕೆಟ್ಸ್ ರೋಗವನ್ನು ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿ ವಿಸ್ತಾರವಾಗಿ ವರ್ಣಿಸಿದ್ದನಾದರೂ ಅದರ ಮೂಲವು ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. 1919ರಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಲ್ಲಿ ಆ ರೋಗವನ್ನುಂಟುಮಾಡಿ ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದನು. ಅದೇ ವರ್ಷ ಬರ್ಲಿನ್ ನಗರದಲ್ಲಿ ಕುರ್ಟ್ ಹುಲ್ಡ್‌ಷಿನ್‌ಸ್ಕಿ ಪಾದರಸದ ದೀಪದ ಬೆಳಕಿನಿಂದಲೇ ರೋಗಿಷ್ಠ ಮಕ್ಕಳನ್ನು ಗುಣಪಡಿಸಿದನು. ಎಣ್ಣೆಯೂ ಬೆಳಕೂ ಒಂದೇ ಫಲವನ್ನು ಕೊಡುವುದೆಂತು ಎಂಬ ಒಗಟು ವಿಜ್ಞಾನಿಗಳನ್ನು ಕಾಡಿತು. ಎಣ್ಣೆಯಲ್ಲಿದ್ದ ಆ ಅಂಶವನ್ನು ಎ ಜೀವಸತ್ವದಿಂದ ಬೇರೆಯೆಂದು 1922ರಲ್ಲಿ ಗುರುತಿಸಿದ ಎಲ್ಮರ್ ಮೆಕಾಲಮ್ ಅದಕ್ಕೆ ಡಿ ಎಂದು ಹೆಸರಿಟ್ಟನು. ಕಿರಣಗಳನ್ನು ಹಾಯಿಸಿದರೆ ಆಹಾರವೇ ರೋಗಹರವಾಗುವುದೆಂದು 1924ರಲ್ಲಿ ಹ್ಯಾರಿ ಸ್ಟೀನ್‌ಬಾಕ್ ತೋರಿದನು. ಈ ದ್ರವ್ಯಗಳ ರಸಾಯನವನ್ನು ಶೋಧಿಸಿದ ಅಡಾಲ್ಫ್ ವಿಂಡಾಸ್ 1928ರ ನೊಬೆಲ್ ಪಾರಿತೋಷಕವನ್ನು ಪಡೆದನು.

ಬಿಸಿಲು ಧಾರಾಳವಾಗಿರುವ ಭಾರತದಲ್ಲಿಯೂ ಈ ಜೀವಸತ್ವದ ಕೊರತೆಯುಂಟೆಂಬುದು, ಮನೆಯೊಳಗೇ ಬಾಳು ಸವೆಸುತ್ತಿದ್ದ ಉತ್ತರಭಾರತದ ಪರದೆಯ ಸ್ತ್ರೀಯರಲ್ಲಿ ಮೂಳೆಗಳು ಮೆತುವಾಗುವ ರೋಗವನ್ನು 1930ರ ಆಸುಪಾಸಿನಲ್ಲಿ ವೈದ್ಯೆ ಡಾಗ್ಮಾರ್ ಕರ್ಜೆಲ್ ವಿಲ್ಸನ್ ಅಧ್ಯಯನ ಮಾಡಿದಾಗಲೇ ವಿದಿತವಾಗಿತ್ತು. ಆದರೂ ಆರೋಗ್ಯವಂತರೆಂದೆಣಿಸಲ್ಪಟ್ಟ ನಗರವಾಸಿಗಳಲ್ಲಿ ಅದು ವ್ಯಾಪಕವಾಗಿದೆಯೆಂಬುದನ್ನು ವೈದ್ಯಲೋಕವು ಮನಗಂಡದ್ದು, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸಂಶೋಧಕರು 2000ರಲ್ಲಿ ತಮ್ಮ ಪರೀಕ್ಷೆಗಳನ್ನು ಪ್ರಕಟಿಸಿದ ಮೇಲೆ.

ಮೂಳೆ ಮೆತುವಾದ ರೋಗಿಗಳ ಸ್ನಾಯುಗಳೂ, ಅದರಲ್ಲಿಯೂ ತೊಡೆ ಸೊಂಟಗಳವು, ಸೊರಗುತ್ತವೆ; ಅವರು ನೆಲದಿಂದೇಳಲು ಕೈಯೂರುತ್ತಾರೆ, ಮೆಟ್ಟಿಲೇರಲು ಬಳಲುತ್ತಾರೆ, ಓಲಾಡುತ್ತ ನಡೆಯುತ್ತಾರೆ. ಕೊರತೆಯನ್ನು ನೀಗಿಸಿದರೆ ಈ ದೌರ್ಬಲ್ಯವೂ ಬಹುಮಟ್ಟಿಗೆ ತೊಲಗುತ್ತದೆ. ಇತ್ತ ಮುಪ್ಪಿನಿಂದುಂಟಾಗುವ ಸ್ನಾಯುಕ್ಷಯಕ್ಕೆ ಅರ್ವಿನ್ ರೋಸನ್‌ಬರ್ಗ್ 1989ರಲ್ಲಿ ಸಾರ್ಕೊಪೀನಿಯಾ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಎರಡರಲ್ಲಿಯೂ ಮೊದಲು ಕೃಶವಾಗುವುವು, ಎಡವಿದಾಗ ಥಟ್ಟನೆ ಮೈಯನ್ನು ಸಾವರಿಸುವ ಶೀಘ್ರಗಾಮಿ ತಂತುಗಳೇ ಆದುದರಿಂದ, ಒಂದರ ಮದ್ದು ಇನ್ನೊಂದಕ್ಕೂ ಮದ್ದಾದೀತೆಂಬ ಆಸೆ ಮೊಳೆತುದು ಸಹಜವೇ ಆಗಿತ್ತು.

ಹೈಕ್ ಬಿಷಾಫ್-ಫೆರಾರಿ ಮತ್ತು ಸಂಗಡಿಗರು 2004ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ, ಪೂರಕದಿಂದ ವೃದ್ಧರು ಬೀಳುವ ಸಂಭವವು ಶೇ. 20ಕ್ಕೂ ಮಿಕ್ಕು ತಗ್ಗುವುದೆಂದು ಲೆಕ್ಕಹಾಕಿದಾಗ ಆ ಆಸೆಗೆ ಬಲ ಬಂದಿತು. ಅನಂತರದ ಪ್ರಯೋಗಗಳು ಅದನ್ನು ಕುಗ್ಗಿಸಿದುವು. ಆಸ್ಟ್ರೇಲಿಯದಲ್ಲಿ 70 ವರ್ಷ ದಾಟಿದ 2,256 ಸ್ತ್ರೀಯರನ್ನೊಳಗೊಂಡ ಪ್ರಯೋಗದಲ್ಲಿ, ವರ್ಷಕ್ಕೊಮ್ಮೆ 5,00,000 ಅಂತರರಾಷ್ಟ್ರೀಯ ಮಾನಗಳನ್ನು (ಐಯು) ಸೇವಿಸಿದವರೇ ಹೆಚ್ಚು ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು ಎಂದು 2010ರಲ್ಲಿ ವರದಿಯಾಯಿತು. 2016ರಲ್ಲಿ ಅದೇ ಬಿಷಾಫ್-ಫೆರಾರಿಯವರ ಜ್ಯೂರಿಕ್ ಪ್ರಯೋಗದಲ್ಲಿಯೂ ತಿಂಗಳಿಗೆ 24,000 ಮಾನ ಪಡೆದವರಿಗಿಂತ 60,000 ಮಾನ ಪಡೆದವರು ಹೆಚ್ಚಾಗಿ ಬಿದ್ದರು. ತಾನು ಮೊದಲು ಕಂಡುದಕ್ಕೆ ಪ್ರತಿಕೂಲವಾದ ಫಲವನ್ನು ತಾನೇ ಪ್ರಕಟಿಸಿದ ಈ ಪ್ರಾಮಾಣಿಕತೆಯು ಗೌರವಾರ್ಹವಾದುದು.

ಈ ಇತಿಹಾಸದ ತಾತ್ಪರ್ಯವು ಬೆಂಗಳೂರಿನ ಪಶ್ಚಿಮದಂಚಿನ ಕೆಂಗೇರಿ ಉಪನಗರದಂಥ ಬಡಾವಣೆಗಳಿಗೆ ನೇರವಾಗಿ ಅನ್ವಯಿಸುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ವರ್ಷವೆಲ್ಲ ಬಿಸಿಲುಂಟು. ಆದರೆ ಇದೇ ಸೀಮೆಯ ಬಿಸಿಲನ್ನು ತಿರುಪತಿಯಲ್ಲಿ ಪರೀಕ್ಷಿಸಿದ ಹರಿನಾರಾಯಣ್ ಮತ್ತು ಸಹೋದ್ಯೋಗಿಗಳು, ಡಿ ಜೀವಸತ್ವದ ಉತ್ಪತ್ತಿಯು ಹೊತ್ತೇರಿದ 11 ಗಂಟೆಯಿಂದ 2 ಗಂಟೆಯವರೆಗೆ ಅಧಿಕವೆಂದು ಕಂಡರು. ಬೆಳಕು ಹರಿಯುವಾಗಲೇ ಉದ್ಯಾನದಲ್ಲಿ ನಡೆದು, ಬಿಸಿಲು ಬಲಿಯುವ ಮುನ್ನ ಮನೆ ಸೇರುವ ಹಿರಿಯರಿಗೆ ವ್ಯಾಯಾಮದ ಲಾಭ ಪೂರ್ಣವಾಗಿ ದೊರೆತರೂ ಈ ಜೀವಸತ್ವ ದೊರೆಯುವುದು ಅತ್ಯಲ್ಪ. ಮೇಲಾಗಿ ಮುಪ್ಪಿನ ಚರ್ಮವು ಎಳೆಯ ಚರ್ಮದ ಅರ್ಧದಷ್ಟನ್ನೂ ತಯಾರಿಸಲಾರದು. ಮುದ್ದೆಯ ರಾಗಿಯಲ್ಲಿ, 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮಿಕ್ಕು ಸುಣ್ಣಾಂಶವಿದ್ದರೂ ಡಿ ಜೀವಸತ್ವವಿಲ್ಲ. ಆದುದರಿಂದ ಪೂರಕಕ್ಕೆ ಇಲ್ಲಿ ನ್ಯಾಯವಾದ ಸ್ಥಾನವುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವೃದ್ಧರಿಗೆ ದಿನಕ್ಕೆ 800 ಮಾನಗಳನ್ನು ವಿಧಿಸಿತು. ಕೊರತೆ ಕಂಡವರಿಗೆ 60,000 ಮಾನಗಳ ಪೊಟ್ಟಣವನ್ನು ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಕೊಡುವುದು ವೈದ್ಯರ ರೂಢಿ. ವೈದ್ಯರು ಗೊತ್ತುಪಡಿಸಿದ ಅವಧಿ ಮುಗಿದ ಮೇಲೂ, ಮಂಡಿಗೆ ಬಲ ಬರಲಿ ಎಂದು ಅದನ್ನೇ ವರ್ಷಗಟ್ಟಲೆ ನುಂಗುವುದು ಹಿತವಲ್ಲ. ರಕ್ತದಲ್ಲಿ ಸುಣ್ಣಾಂಶವೇರಿ ಮೂತ್ರಪಿಂಡಕ್ಕೆ ಹಾನಿಯಾದೀತು.

ಡಿ ಜೀವಸತ್ವವು ಬರಿದಾದುದನ್ನು ತುಂಬಬಲ್ಲುದು. ತುಂಬಿದ ಪಾತ್ರೆಗೆ ಇನ್ನಷ್ಟು ಸುರಿದರೆ ಬಲ ಹೆಚ್ಚುವುದಿಲ್ಲ. ಸ್ನಾಯುವನ್ನು ಕಟ್ಟುವುವು ಬೇಳೆ, ಕಾಳು, ಹಾಲು, ಮೊಟ್ಟೆಗಳ ಸಸಾರಜನಕವೂ, ಕುರ್ಚಿಯಿಂದ ಕೈಯೂರದೆ ಹತ್ತಾರು ಬಾರಿ ಎದ್ದು ಕೂರುವಂಥ ನಿತ್ಯದ ದುಡಿಮೆಯೂ. ವೃದ್ಧರನ್ನು ಬೀಳದಂತೆ ಕಾಪಾಡಬಯಸುವ ಮನೆಯವರು ಗುಳಿಗೆಯ ಜೊತೆಗೆ ಈ ಎರಡನ್ನೂ ಒದಗಿಸಿಕೊಡುವುದು ಆವಶ್ಯಕ.