ಏಷಣಿ: ಬಯಕೆಯ ಮನೆತನದ ಒಂದು ಸಲಾಕೆ

ಅನ್ವೇಷಣೆ, ಗವೇಷಣೆ, ಪುತ್ರೈಷಣೆ, ಏಷಣಾಸಮಿತಿ: ಸಂಶೋಧಕರ ಬರೆಹದಲ್ಲಿ, ವೇದಾಂತಿಗಳ ಬಾಯಲ್ಲಿ, ಜೈನಮುನಿಗಳ ಆಚಾರದಲ್ಲಿ ಬೇರೆಬೇರೆಯಾಗಿ ಬಾಳುತ್ತಿರುವ ಈ ಮಾತುಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರೆ, ನಮ್ಮಂಥ ಪದಪ್ರಿಯರಿಗೆ ಅವುಗಳ ಮುಖಲಕ್ಷಣ ಕೂಡಲೇ ಗುರುತು ಸಿಗುತ್ತದೆ. ಆ ಮನೆತನದಲ್ಲೇ ಹುಟ್ಟಿ ಬಳಕೆಯಿಂದ ಬಹುಮಟ್ಟಿಗೆ ಜಾರಿಹೋದ ದಾಯಾದಿ ಪದವೊಂದಿದೆ: ಏಷಣಿ. ಗಾಯದೊಳಕ್ಕೆ ಇಳಿಸಿ ಅದರ ಆಳ, ತಿರುವು, ಕೊನೆಗಳನ್ನು ಅರಿಯುವ ತೆಳ್ಳನೆಯ ಸಲಾಕೆ. ಇಂದಿನ ವೈದ್ಯರು ಪ್ರೋಬ್ ಎನ್ನುವ ಸಲಕರಣೆ.

ಧಾತುಪಾಠದಲ್ಲಿ 'ಇಷ್' ಇಚ್ಛೆಯ ಅರ್ಥದಲ್ಲೊಮ್ಮೆ, ಗತಿಯ ಅರ್ಥದಲ್ಲೊಮ್ಮೆ ಬರುತ್ತದೆ. ಮೊದಲನೆಯದರಿಂದ ಇಚ್ಛೆ, ಇಷ್ಟ; ಎರಡನೆಯದಕ್ಕೆ 'ಅನು' ಸೇರಿ ಬೆನ್ನುಹತ್ತಿ ಹೋಗುವ ಅನ್ವೇಷಣೆ. ವೈಯಾಕರಣರು ಗೆರೆ ಎಳೆದರೂ ಬಳಕೆ ಅದನ್ನು ಅಳಿಸುತ್ತಲೇ ಬಂದಿದೆ. ಬೇಕೆಂದವನೇ ಅಲ್ಲವೆ ಅರಸಿ ಹೊರಡುವುದು? ಋಗ್ವೇದದಲ್ಲಿ ಗೋವುಗಳನ್ನು ಬಯಸುವುದಾಗಿದ್ದ ಗವೇಷಣೆಯಿಂದ ದನಗಳು ಕಳೆದುಹೋಗಿ ಅರಸುವಿಕೆಯಷ್ಟೇ ಉಳಿಯಿತು. ಬೃಹದಾರಣ್ಯಕವು ಪುತ್ರ, ವಿತ್ತ, ಲೋಕಗಳೆಂಬ ಮೂರು ಏಷಣೆಗಳನ್ನು ಬಿಡಬೇಕೆಂದರೆ, ಚರಕಸಂಹಿತೆ ಪ್ರಾಣ, ಧನ, ಪರಲೋಕಗಳೆಂಬ ಮೂರನ್ನು ಹಿಡಿಯಬೇಕೆನ್ನುತ್ತದೆ: ಸಂನ್ಯಾಸಿ ತೊರೆದ ಪದವನ್ನು ವೈದ್ಯ ಎತ್ತಿಕೊಂಡ ಬಗೆ ಇದು. ಜೈನರ ಏಷಣಾಸಮಿತಿಯಲ್ಲಿ ಅದೇ ಪದ, ನಿರ್ದೋಷವಾದ ಆಹಾರವನ್ನು ಎಚ್ಚರದಿಂದ ಅರಸುವ ವ್ರತವಾಗಿ ಪಳಗಿತು.

ಈ ಬಯಕೆಗೆ ಹಿಡಿ, ತುದಿ ಮೂಡಿದ್ದು ಸುಶ್ರುತನಲ್ಲಿ. ಅವನ 101 ಯಂತ್ರಗಳಲ್ಲಿ ಶಲಾಕಾಯಂತ್ರಗಳೇ 28. ಅವುಗಳಲ್ಲಿ ಎರೆಹುಳುವಿನ ಮೋರೆಯ, ಎಂದರೆ ಗಂಡೂಪದಮುಖದ ಎರಡು, ಏಷಣಕ್ಕೆಂದೇ ಮೀಸಲು. 20 ಶಸ್ತ್ರಗಳ ಪಟ್ಟಿಯಲ್ಲೂ ಏಷಣಿಗೆ ಸ್ಥಾನವುಂಟು. ಛೇದ್ಯ, ಭೇದ್ಯ ಮೊದಲಾದ ಎಂಟು ಶಸ್ತ್ರಕರ್ಮಗಳಲ್ಲಿ 'ಏಷ್ಯ'ವೂ ಒಂದು. ಹುಳು ಕೊರೆದ ಮರ, ಬಿದಿರು, ಒಣಗಿದ ಸೋರೆಬುರುಡೆಯ ಬಾಯಿ, ಇವುಗಳಲ್ಲಿ ಸಲಾಕೆಯಾಡಿಸಿ ಶಿಷ್ಯ ಕೈ ಪಳಗಿಸಿಕೊಳ್ಳಬೇಕು. ಏಷಣಿ ಸಿಗದಿದ್ದರೆ ಕೂದಲು, ಬೆರಳು, ಎಳೆಮೊಳಕೆಯಾದರೂ ಆದೀತು. ಕತ್ತರಿಸುವುದಕ್ಕೆ ಮೊದಲು ದಾರಿ ಅರಿಯಬೇಕೆಂಬ ವಿವೇಕವೇ ಇಲ್ಲಿ ಉಪಕರಣದ ಹೆಸರಾಗಿದೆ.

ಶಲಾಕೆಯ ಜಾಡು ಬೇರೆ. ಅದು ಆಕಾರದಿಂದ ಬಂದ ಹೆಸರು, ಆದ್ದರಿಂದ ಯಾವ ಕೆಲಸಕ್ಕೂ ಸೈ: ಪಾಣಿನಿಯ ಸೂತ್ರದಲ್ಲಿ ಅಕ್ಷದ ಜೊತೆಯಲ್ಲೇ ಬರುವ ಜೂಜಿನ ಕಡ್ಡಿ, ಬೌದ್ಧಸಂಘದಲ್ಲಿ ಮತ ಎಣಿಸುವ ಕಡ್ಡಿ, ಕಣ್ಣು ಕಿವಿ ಮೂಗು ಬಾಯಿಗಳ ವೈದ್ಯವಾದ ಶಾಲಾಕ್ಯಕ್ಕೆ ಹೆಸರಿತ್ತ ಕಡ್ಡಿ, ಓಲೆಗರಿಯ ಕಟ್ಟಿಗೆ ಚುಚ್ಚಿ, ತೆರೆದುಕೊಂಡ ಗರಿಯನ್ನು ವ್ಯಾಖ್ಯಾನಿಸೆಂದು ಪಂಡಿತನನ್ನು ಪರೀಕ್ಷಿಸುವ ಶಲಾಕಾಪರೀಕ್ಷೆಯ ಕಡ್ಡಿಯೂ ಅದೇ. 978ರಲ್ಲಿ ಚಾವುಂಡರಾಯ ಕಥೆ ಬರೆದ 63 ಮಹಾಪುರುಷರು ಶಲಾಕಾಪುರುಷರೆನಿಸಿದರು. ಕುಲುಮೆಗೆ ಬಂದಾಗ ಆ ಪದ ಸವೆದು ಸಲಾಕೆಯಾಯಿತು. ಆಕಾರದ ಹೆಸರು ಎಲ್ಲೆಲ್ಲೂ ಹರಡಿದರೆ, ಕೆಲಸದ ಹೆಸರಾದ ಏಷಣಿ ವೈದ್ಯನ ಪೆಟ್ಟಿಗೆ ಬಿಟ್ಟು ಕದಲಲಿಲ್ಲ.

ಪ್ರೋಬ್‌ನ ಮೂಲವಾದ ಲ್ಯಾಟಿನ್ನಿನ 'ಪ್ರೊಬಾರೆ' ಒರೆಹಚ್ಚಿ ನೋಡುವುದು. ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿಯೂ ಅದೇ ಬಳ್ಳಿಯ ಕುಡಿ. ಪ್ರೋಬ್‌ನಲ್ಲಿ ಪರೀಕ್ಷಕನ ಸಂಶಯ ಮುಂದು, ಏಷಣಿಯಲ್ಲಿ ಅರಸುವವನ ಆಸೆ ಮುಂದು. ವ್ಯೋಮಯುಗದಲ್ಲಿ ಕನ್ನಡ ಪತ್ರಿಕೆಗಳು ಪ್ರೋಬ್‌ಗೆ ಶೋಧಕವೆಂದವು, ಅನ್ವೇಷಕ ನೌಕೆಯೆಂದವು. ಶೋಧದ ಬೇರು 'ಶುಧ್', ಶುದ್ಧಮಾಡುವುದು. ಕಸ ತೆಗೆದರೆ ಕಾಳು ಕಾಣುತ್ತದೆಂಬ ತರ್ಕ ಅದರದು. ದೂರದಿಂದ ಸುತ್ತುತ್ತ ನೋಡುವ ನೌಕೆಗೆ ಈ ಹೆಸರುಗಳು ಒಪ್ಪುತ್ತವೆ.

ಆದರೆ 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಬೇರ್ಪಟ್ಟು ಚಂದ್ರನ ದಕ್ಷಿಣ ಧ್ರುವದ ಬಳಿ ನೆಲಕ್ಕಪ್ಪಳಿಸಿದ ಉಪಕರಣ ನೋಡುವುದಕ್ಕಷ್ಟೇ ನಿಲ್ಲದೆ ತಾಗಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್‌ನ 'ಚಾಸ್ಟೆ' ಎಂಬ ಉಪಕರಣವಂತೂ, 10 ಉಷ್ಣಸಂವೇದಕಗಳನ್ನು ಹೊತ್ತು, 10 ಸೆಂಟಿಮೀಟರಿನವರೆಗೆ ಇಳಿಯಬಲ್ಲ ಸಲಾಕೆಯಾಗಿ ಚಂದ್ರನ ಮಣ್ಣನ್ನು ಹೊಕ್ಕು, ಮೇಲ್ಮೈಗೂ ಒಳಪದರಕ್ಕೂ ಬಿಸಿಯಲ್ಲಿರುವ ಅಂತರವನ್ನು ಅಳೆಯಿತು. ಕಂಡು ಅರಸುವುದು ಅನ್ವೇಷಕ, ಹೊಕ್ಕು ಅರಸುವುದು ಏಷಣಿ ಎಂಬ ಭೇದವನ್ನು ನಾವು ಉಳಿಸಿಕೊಂಡರೆ, ಪ್ರೋಬ್ ಎಂಬ ಒಂದೇ ಮಾತಿಗೆ ಸಾಧ್ಯವಾಗದ ಸೂಕ್ಷ್ಮವೊಂದು ಕನ್ನಡಕ್ಕೆ ದಕ್ಕುತ್ತದೆ.